ಕಾರಿನ ಕೆಳಗೆ ಮಲಗುವ ಮುನ್ನ...

ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದವರದ್ದೇ ಒಂದು ಸಂಘ ಕಟ್ಟಬಹುದು. ನಾನು ಅದರ ಆಜೀವ ಸದಸ್ಯ. ನಾಲ್ಕು ವರ್ಷ ಸ್ಟ್ರೆಂಥ್ ಆಫ್ ಮೆಟೀರಿಯಲ್ಸ್, ಮಷಿನ್ ಡಿಸೈನ್ ಅಂತ ಉರು ಹೊಡೆದು, ಕೊನೆಗೆ ಜಾವಾ ಬರೆಯೋಕೆ ಕೂತವನು. ಓದಿದ್ದು ಉಪಯೋಗಕ್ಕೆ ಬರೋದಕ್ಕೆ ಆರು ವರ್ಷ ಬೇಕಾಯ್ತು. ಅದೂ ಎಲ್ಲಿ ಅಂತೀರಾ? ಒಹಾಯೋದ ಕೊಲಂಬಸ್‌ನಲ್ಲಿ, ಬಾಡಿಗೆ ಮನೆಯ ಗ್ಯಾರೇಜಿನಲ್ಲಿ, ಮರದ ತುಂಡುಗಳನ್ನು ಒಂದರ ಮೇಲೊಂದು ಜೋಡಿಸೋದಕ್ಕೆ!

ವಿಷಯ ಇಷ್ಟೇ. ಕಾರಿನ ಇಂಜಿನ್ ಆಯಿಲ್ ನಾನೇ ಬದಲಾಯಿಸಬೇಕು ಅಂತ ಆಸೆ ಹುಟ್ಟಿತು. ಇಲ್ಲಿ ಬಹಳ ಜನ ಮನೆಯಲ್ಲೇ ಮಾಡಿಕೊಳ್ತಾರೆ. ಕೆಲಸ ಏನೂ ಬ್ರಹ್ಮವಿದ್ಯೆ ಅಲ್ಲ... ಕೆಳಗಿರೋ ಒಂದು ಬೋಲ್ಟ್ ಬಿಚ್ಚು, ಹಳೇ ಆಯಿಲ್ ಇಳಿಸು, ಫಿಲ್ಟರ್ ಬದಲಾಯಿಸು, ಹೊಸದು ಸುರಿ. ತೊಂದರೆ ಇರೋದು ಆ "ಕೆಳಗಿರೋ" ಅನ್ನೋ ಪದದಲ್ಲಿ. ನನ್ನ ಕಾರಿಗೂ ನೆಲಕ್ಕೂ ನಡುವೆ ಸುಮಾರು ಐದೂವರೆ ಇಂಚು ಜಾಗ. ಅದರಲ್ಲಿ ಬೆಕ್ಕು ನುಗ್ಗಬಹುದು, ನಾನು ನುಗ್ಗೋಕಾಗಲ್ಲ. ಅಂದಮೇಲೆ ಕಾರನ್ನ ಎತ್ತಬೇಕು. ಎತ್ತಿ, ಅದರ ಕೆಳಗೆ ಮಲಗಬೇಕು. ಮೇಲೆ 1400 ಕೆಜಿ!

ಹೆಂಡತಿಗೆ ಹೇಳಿದೆ. ಅವಳು ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿರೋಳು. ನಾನು ಬರೆದಿದ್ದು ಸರಿಯಾಗಿದೆ ಅಂದ್ರೆ ನಂಬದೇ ಇರೋದಕ್ಕೇ ಸಂಬಳ ಎಣಿಸೋಳು. "ರೀ, ಜಾಕ್ ಜಾರಿದ್ರೆ ಏನು ಮಾಡ್ತೀರಾ?" ಅಂದಳು. ಅಷ್ಟೇ. ಆ ಪ್ರಶ್ನೆಗೆ ಉತ್ತರ ಹುಡುಕೋದಕ್ಕೆ ಎರಡು ವಾರ ಹಿಡೀತು. ಈ ಬರಹ ಆ ಉತ್ತರ.

ಮೊದಲು ಜಾಕ್ ವಿಷಯ. ಜಾಕ್ ಇರೋದು ಎತ್ತೋದಕ್ಕೆ, ಹೊತ್ತು ನಿಲ್ಲೋದಕ್ಕೆ ಅಲ್ಲ. ಹೈಡ್ರಾಲಿಕ್ ಜಾಕಿನ ಒಳಗೆ ಕಾರಿನ ಭಾರ ಕೂತಿರೋದು ಎಣ್ಣೆಯ ಮೇಲೆ. ಆ ಎಣ್ಣೆಯನ್ನು ತಡೆದಿರೋದು ಒಂದು ರಬ್ಬರ್ ಸೀಲ್, ಒಂದು ಪುಟ್ಟ ವಾಲ್ವ್. ಸೀಲ್ ಹಳೆಯದಾದ್ರೆ ಜಾಕ್ ಮೆಲ್ಲಗೆ ಇಳಿಯಬಹುದು, ಒಮ್ಮೆಲೇ ಇಳಿಯಲೂಬಹುದು. ಸ್ಟೆಪ್ನಿ ಜೊತೆ ಕಾರಲ್ಲೇ ಬರುತ್ತಲ್ಲ, ಕತ್ತರಿ ಥರದ್ದು, ಅದಕ್ಕೆ ಎಣ್ಣೆಯ ರಗಳೆ ಇಲ್ಲ. ಆದ್ರೆ ಅದರ ಪಾದ ಅಂಗೈ ಅಗಲ. ಪಕ್ಕದಿಂದ ಯಾರಾದರೂ ಕಾರನ್ನು ನೂಕಿದ್ರೆ ಮಗುಚಿಕೊಳ್ಳುತ್ತೆ. ರಸ್ತೆ ಬದಿ ಟೈರ್ ಬದಲಾಯಿಸೋಕೆ ಅದು ಸಾಕು. ಆದ್ರೆ ಟೈರ್ ಬದಲಾಯಿಸೋವಾಗ ನಾವು ಕಾರಿನ ಪಕ್ಕದಲ್ಲಿ ಕೂತಿರ್ತೀವಿ, ಕೆಳಗಲ್ಲ. ಈ ವ್ಯತ್ಯಾಸ ದೊಡ್ಡದು.

ಹೀಗೆಲ್ಲ ಓದಿಕೊಂಡು ಕೂತಿದ್ದಾಗ ಒಂದು ಭಾನುವಾರ ಊರಿಗೆ ಫೋನ್ ಮಾಡಿದ್ದೆ. ಮಾತಿನ ಮಧ್ಯೆ ಕಾರಿನ ವಿಷಯ ಬಂತು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಲೋ, ಕಲ್ಲು ಗಿಲ್ಲು ಇಟ್ಟು ಕೆಳಗೆ ಹೋಗಬೇಡ ಕಣೋ" ಅಂದರು. ಬೇರೇನೂ ಹೇಳಲಿಲ್ಲ. ಹೇಳೋದು ಬೇಕೂ ಇರಲಿಲ್ಲ.

ನಮ್ಮೂರು ತಿಪಟೂರಿನ ಕಡೆ. ತೆಂಗಿನಕಾಯಿ, ಕೊಬ್ಬರಿ ಸಾಗಿಸೋ ಲಾರಿಗಳು ಜಾಸ್ತಿ, ಹಾಗಾಗಿ ಗ್ಯಾರೇಜುಗಳೂ ಜಾಸ್ತಿ. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ನಮ್ಮ ಮನೆ ಹಿಂದಿನ ರಸ್ತೆಯ ಗ್ಯಾರೇಜಿನಲ್ಲಿ ಒಬ್ಬ ಹುಡುಗ ಇದ್ದ. ನನಗಿಂತ ಐದಾರು ವರ್ಷಕ್ಕೆ ದೊಡ್ಡವನು. ನನ್ನ ಸೈಕಲ್ಲಿನ ಚೈನು ಬಿಗಿ ಮಾಡಿಕೊಟ್ಟು ಒಂದು ದಿನವೂ ಕಾಸು ಕೇಳಿದವನಲ್ಲ. ಒಂದು ಮಧ್ಯಾಹ್ನ ಲಾರಿಯೊಂದರ ಹಿಂದಿನ ಪಟ್ಟಾ ಬಿಚ್ಚೋಕೆ ಕೆಳಗೆ ಹೋಗಿದ್ದ. ಜಾಕ್ ಹಾಕಿ ಎತ್ತಿ, ಚಾಸಿಸ್ ಕೆಳಗೆ ಎರಡು ಸೈಜುಗಲ್ಲು ಜೋಡಿಸಿ, ಎತ್ತರ ಸಾಲದೇ ಮೇಲೊಂದು ಹಾಲೋ ಬ್ಲಾಕ್ ಇಟ್ಟಿದ್ದರಂತೆ. ಜಾಕನ್ನು ಇನ್ನೊಂದು ಕಡೆಗೆ ಬೇಕು ಅಂತ ತೆಗೆದಿದ್ದರು. ಹತ್ತು ಹದಿನೈದು ನಿಮಿಷ ಏನೂ ಆಗಲಿಲ್ಲ. ಆಮೇಲೆ ಬ್ಲಾಕ್ ಪುಡಿಯಾಯ್ತು.

ಊರಿನವರು ಗ್ರಹಚಾರ ಅಂದರು. ಅವನ ಅಮ್ಮನಿಗೂ ಹಾಗೇ ಹೇಳಿ ಸಮಾಧಾನ ಮಾಡಿದರು. ಆ ವಯಸ್ಸಿನಲ್ಲಿ ನನಗೂ ಅದು ಗ್ರಹಚಾರವೇ ಆಗಿತ್ತು. ಈಗ ಯೋಚಿಸಿದರೆ, ಗ್ರಹಚಾರಕ್ಕಿಂತ ಮುಂಚೆ ಅಲ್ಲೊಂದು ಹಾಲೋ ಬ್ಲಾಕ್ ಇತ್ತು.

ಹಾಲೋ ಬ್ಲಾಕ್ ದುರ್ಬಲ ಅಂತೇನಿಲ್ಲ ನೋಡಿ. ಅದರ ಮೇಲೆ ಮಹಡಿ ಮನೆ ಕಟ್ತಾರೆ. ಗೋಡೆಯಲ್ಲಿ ಭಾರ ಸಮನಾಗಿ ಹರಡಿ ಬರುತ್ತೆ, ಕೆಳಗೆ ಮೇಲೆ ಗಾರೆ ಇರುತ್ತೆ, ತೂತುಗಳು ನೆಟ್ಟಗೆ ನಿಂತಿರುತ್ತವೆ. ಅದೇ ಬ್ಲಾಕನ್ನು ಲಾರಿ ಕೆಳಗಿಟ್ಟರೆ ಕಬ್ಬಿಣದ ಒಂದು ಅಂಚು ಅದರ ಒಂದೇ ಜಾಗದಲ್ಲಿ ಕೂರುತ್ತೆ. ಕಾಂಕ್ರೀಟು, ಇಟ್ಟಿಗೆ, ಕಲ್ಲು ಇವೆಲ್ಲ ಒಂದೇ ಜಾತಿ. ಬಾಗೋದು ಗೊತ್ತಿಲ್ಲ. ಸಣ್ಣ ಬಿರುಕು ಬಿಟ್ಟರೂ ಹೊರಗೆ ಕಾಣಿಸಲ್ಲ, ಕಂಡಾಗ ಸಮಯ ಇರಲ್ಲ. ಕಾಲೇಜಿನಲ್ಲಿ ಬ್ರಿಟಲ್ ಫೇಲ್ಯೂರ್ ಅಂತ ಹತ್ತು ಅಂಕಕ್ಕೆ ಬರೆದಿದ್ದು ಇದನ್ನೇ.

ಮರದ ಕಥೆ ಬೇರೆ. ಅಡ್ಡಲಾಗಿ ಮಲಗಿಸಿದ ಮರದ ಮೇಲೆ ಅದರ ತಾಕತ್ತು ಮೀರಿ ಭಾರ ಹೇರಿದರೆ ಅದು ಥಟ್ಟನೆ ಮುರಿಯಲ್ಲ, ಜಜ್ಜಿಕೊಳ್ಳುತ್ತೆ. ಎಳೆಗಳು ಒಂದರೊಳಗೊಂದು ಒತ್ತಿಕೊಳ್ತಾ ಹೋಗ್ತವೆ. ಕಿರ್ ಕಿರ್ ಅಂತ ಸದ್ದು ಮಾಡುತ್ತೆ. ಅಮೆರಿಕದ ಅಗ್ನಿಶಾಮಕ ದಳದವರು ಮಗುಚಿದ ಕಾರು, ಕುಸಿದ ಕಟ್ಟಡದ ಕೆಳಗೆ ಹೋಗುವಾಗ ಇವತ್ತಿಗೂ ಮರದ ತುಂಡುಗಳನ್ನೇ ಅಡ್ಡಡ್ಡ ಉದ್ದುದ್ದ ಪೇರಿಸಿ ಆಸರೆ ಕೊಡ್ತಾರೆ. ಅದಕ್ಕೆ ಕ್ರಿಬ್ಬಿಂಗ್ ಅಂತಾರೆ. ಅವರು ಮೆತ್ತನೆಯ ಮರ ಇಷ್ಟಪಡೋ ಕಾರಣಗಳಲ್ಲಿ ಇದೂ ಒಂದು: ಸೋಲೋ ಮುಂಚೆ ಅದು ಹೇಳುತ್ತೆ. ನಾಲ್ಕಿಂಚಿನ ತೊಲೆಗಳನ್ನು ಒಂದು ಸಾಲಿಗೆ ಎರಡರಂತೆ ಪೇರಿಸಿದರೆ 24,000 ಪೌಂಡ್, ಅಂದ್ರೆ ಹತ್ತಿರ ಹತ್ತಿರ 11 ಟನ್ ಹೊರಬಹುದು ಅನ್ನೋದು ಅವರ ಲೆಕ್ಕ.

ಕೆಳಗೆ ಮಲಗೋನಿಗೆ ಒಂದು ವಸ್ತು ಎಷ್ಟು ಭಾರ ಹೊರುತ್ತೆ ಅನ್ನೋದಕ್ಕಿಂತ ಅದು ಸೋಲುವಾಗ ಹೇಗೆ ಸೋಲುತ್ತೆ ಅನ್ನೋದು ಮುಖ್ಯ. ನನಗೆ ಹೊಳೆದದ್ದು ಇಷ್ಟೇ.

"ಅಂಗಡಿಯಲ್ಲಿ ಕಬ್ಬಿಣದ ಜಾಕ್ ಸ್ಟ್ಯಾಂಡ್ ಸಿಗುತ್ತಲ್ಲಾ ಮಾರಾಯ" ಅಂತ ನೀವು ಕೇಳ್ತೀರಿ. ಸಿಗುತ್ತೆ. ಒಳ್ಳೇದೂ ಹೌದು. ಎಷ್ಟು ಭಾರ ತಡೆಯುತ್ತೆ ಅಂತ ಪರೀಕ್ಷೆ ಮಾಡಿ ಅದರ ಮೇಲೇ ಬರೆದಿರ್ತಾರೆ. ಆದ್ರೆ 2020ರಲ್ಲಿ ಇಲ್ಲಿ ಒಂದು ಘಟನೆ ಆಯ್ತು. ದೇಶದ ತುಂಬ ಅಂಗಡಿಗಳಿರೋ ಒಂದು ಸಂಸ್ಥೆ ತಾನು ಮಾರಿದ ಲಕ್ಷಾಂತರ ಸ್ಟ್ಯಾಂಡುಗಳನ್ನು ವಾಪಸ್ ಕರೆಸಿಕೊಳ್ಳಬೇಕಾಯ್ತು. ಹಲ್ಲುಗಳ ಕಂಬಿಯನ್ನು ಹಿಡಿಯೋ ಕೊಂಡಿ ಕೆಲವದರಲ್ಲಿ ಸರಿಯಾಗಿ ಕೂರುತ್ತಿರಲಿಲ್ಲ, ಭಾರ ಇದ್ದಾಗಲೇ ಜಾರುವ ಅಪಾಯ ಇತ್ತು. ಅದಕ್ಕೆ ಬದಲಿಯಾಗಿ ಕೊಟ್ಟ ಒಂದು ಮಾದರಿಯಲ್ಲೂ ವೆಲ್ಡಿಂಗ್ ದೋಷ ಸಿಕ್ಕಿ, ಅದೇ ವರ್ಷ ಅದನ್ನೂ ವಾಪಸ್ ಕರೆಸಿಕೊಂಡರು! ಕಬ್ಬಿಣದ್ದೆಲ್ಲ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ವೆಲ್ಡಿಂಗಿನ ಒಳಗೆ ಏನಿದೆ ಅಂತ ನನ್ನ ಕಣ್ಣಿಗೆ ಕಾಣಲ್ಲ, ಮರದ ತುಂಡಿನಲ್ಲಿ ಗಂಟು ಎಲ್ಲಿದೆ, ಬಿರುಕು ಎಲ್ಲಿದೆ ಅಂತ ಕಾಣುತ್ತೆ. ಆಯಿಲ್ ಬದಲಾಯಿಸೋಕೆ ಚಕ್ರ ಬಿಚ್ಚೋ ಅಗತ್ಯವೂ ಇಲ್ಲ, ಟೈರಿನ ಕೆಳಗೇ ಆಸರೆ ಕೊಟ್ಟರೆ ಆಯ್ತು. ಹಾಗಾಗಿ ಮರ.

ಇನ್ನು ಲೆಕ್ಕ. ಬೇಜಾರಾದ್ರೆ ಈ ಭಾಗ ಹಾರಿಸಿ, ಪರವಾಗಿಲ್ಲ :)

ಇಲ್ಲಿ ಮರದಂಗಡಿಯಲ್ಲಿ ಎರಡು-ನಾಲ್ಕು ಅಂತ ಕೇಳಿದ್ರೆ ಕೊಡೋ ಪಟ್ಟಿಯ ನಿಜವಾದ ಅಳತೆ ಒಂದೂವರೆ ಇಂಚು ದಪ್ಪ, ಮೂರೂವರೆ ಇಂಚು ಅಗಲ. ಉದ್ದ 8 ಅಡಿ. ಅದರಿಂದ 16 ಇಂಚಿನ ಆರು ತುಂಡು ಬರಬೇಕು, ಆದ್ರೆ ಗರಗಸವೂ ಪ್ರತಿ ಸಲ ಇಂಚಿನ ಎಂಟನೇ ಒಂದು ಭಾಗ ತಿನ್ನುತ್ತಲ್ಲ, ಅದಕ್ಕೆ ಹದಿನೈದೂಮುಕ್ಕಾಲು ಇಂಚಿಗೆ ಗುರುತು ಹಾಕಿದೆ. ತುಂಡುಗಳನ್ನು ಮಲಗಿಸಿ ನಾಲ್ಕು ಸಾಲು. ಕೆಳಗಿನ ಸಾಲಿಗೆ ನಾಲ್ಕು ತುಂಡು, ಅದರ ಮೇಲೆ ಅಡ್ಡಲಾಗಿ ಮೂರು, ಮತ್ತೆ ಉಲ್ಟಾ ಮೂರು, ಮೇಲೆ ಟೈರ್ ಕೂರೋ ಕಡೆ ನಾಲ್ಕು. ಒಂದು ಸ್ಟ್ಯಾಂಡಿಗೆ 14 ತುಂಡು, ಎರಡಕ್ಕೆ 28. ಐದು ಪಟ್ಟಿಗೆ 30 ತುಂಡು. ಉಳಿದ ಎರಡಕ್ಕೆ ಆಮೇಲೆ ಕೆಲಸ ಇದೆ.

ಎತ್ತರ ಆರು ಇಂಚು. ಇನ್ನೂ ಎತ್ತರ ಮಾಡಬಹುದಿತ್ತು. ಆದ್ರೆ ಕಾರನ್ನು ಎತ್ತುವಾಗ ಸ್ಪ್ರಿಂಗ್ ಬಿಚ್ಚಿಕೊಂಡು ಚಕ್ರ ಕೆಳಗೇ ಜೋತು ಬೀಳುತ್ತೆ. ಚಕ್ರ ನೆಲ ಬಿಟ್ಟು ಆರಿಂಚು ಏಳಬೇಕಾದ್ರೆ ಬಾಡಿ ಅದಕ್ಕಿಂತ ಮೂರು ನಾಲ್ಕು ಇಂಚು ಜಾಸ್ತಿ ಏಳಬೇಕು. ನನ್ನ ಫ್ಲೋರ್ ಜಾಕಿನ ಎತ್ತರಕ್ಕೆ ಅದೇ ಮಿತಿ. ಪಾದ ಸುಮಾರು 16 ಇಂಚು ಚೌಕ, ಎತ್ತರ ಆರು. ಪಾದಕ್ಕಿಂತ ಎತ್ತರ ಇಷ್ಟು ಕಡಿಮೆ ಇರೋದನ್ನ ಮಗುಚಬೇಕು ಅಂದ್ರೆ ಬೇಕಂತಲೇ ಕಷ್ಟಪಡಬೇಕು.

ಭಾರ: ಮುಂದಿನ ಚಕ್ರಗಳಿಂದ ಓಡೋ ಕಾರಿನಲ್ಲಿ ಸುಮಾರು ಶೇಕಡ 60ರಷ್ಟು ಭಾರ ಮುಂದೆ. 1400ರಲ್ಲಿ 840 ಕೆಜಿ, ಒಂದು ಚಕ್ರಕ್ಕೆ 420. ಇಲ್ಲಿ ಸಿಗೋ ಸ್ಪ್ರೂಸ್-ಪೈನ್ ಜಾತಿಯ ಮರ ಎಳೆಗೆ ಅಡ್ಡಲಾಗಿ ಚದರ ಇಂಚಿಗೆ 425 ಪೌಂಡ್, ನಮ್ಮ ಲೆಕ್ಕದಲ್ಲಿ ಚದರ ಸೆಂಟಿಮೀಟರಿಗೆ 30 ಕೆಜಿ ತಡೆಯುತ್ತೆ ಅಂತ ವಿನ್ಯಾಸದ ಕೋಷ್ಟಕಗಳು ಹೇಳ್ತವೆ. ಎರಡು ಪಟ್ಟಿ ಒಂದರ ಮೇಲೊಂದು ದಾಟೋ ಜಾಗ 79 ಚದರ ಸೆಂಟಿಮೀಟರ್. ಅಂದ್ರೆ ಒಂದು ದಾಟಿಗೇ 2300 ಕೆಜಿ ಮೇಲೆ. ಅಂಥವು ಪ್ರತಿ ಸಾಲಿನ ನಡುವೆ ಕಡಿಮೆ ಅಂದ್ರೂ ಒಂಬತ್ತು. ಎಂಟು ದಾಟು ಕೈಕೊಟ್ಟು ಒಂದೇ ಉಳಿದರೂ ಬೇಕಾದ್ದಕ್ಕಿಂತ ಐದು ಪಟ್ಟು! ಇನ್ನೂ ಒಂದು ಖುಷಿಯ ವಿಷಯ ಅಂದ್ರೆ, ಆ 425 ಅನ್ನೋ ಅಂಕಿ ಮರ ಮುರಿಯೋ ಭಾರದ್ದಲ್ಲ. ಪರೀಕ್ಷೆಯಲ್ಲಿ ಸುಮಾರು ಒಂದು ಮಿಲಿಮೀಟರ್ ತಗ್ಗು ಬೀಳೋದನ್ನೇ ಮಿತಿ ಅಂತ ಇಟ್ಟುಕೊಂಡು ಬಂದ ಅಂಕಿ ಅದು. ಅದರಾಚೆಗೂ ಮರ ಜಜ್ಜಿಕೊಳ್ತಾ ನಿಂತಿರುತ್ತೆ.

ಸ್ಕ್ರೂಗಳ ಬಗ್ಗೆ ಒಂದು ಮಾತು. ಎರಡೂವರೆ ಇಂಚಿನವು ಹಾಕಿದ್ದೀನಿ. ಅವು ಇರೋದು ತುಂಡುಗಳು ಅಲುಗಾಡದಂತೆ ಹಿಡಿಯೋಕೆ ಮಾತ್ರ. ಭಾರ ಮರದಿಂದ ಮರಕ್ಕೇ ಇಳಿಯಬೇಕು. ಎರಡು ಕಂಬ ನಿಲ್ಲಿಸಿ, ನಡುವೆ ಅಡ್ಡಪಟ್ಟಿಗೆ ಮೊಳೆ ಹೊಡೆದು, ಅದರ ಮೇಲೆ ಕಾರು ಕೂರಿಸೋ ಚಿತ್ರಗಳನ್ನು ನೋಡಿದ್ದೀನಿ. ಅಲ್ಲಿ ಕಾರನ್ನು ಹೊತ್ತಿರೋದು ಮೊಳೆ, ಮರ ಅಲ್ಲ. ದಯವಿಟ್ಟು ಹಾಗೆ ಮಾಡಬೇಡಿ.

ಟೈರ್ ಉರುಳದಂತೆ ಹಿಂದೆ ಮುಂದೆ ತಡೆ ಬೇಕಲ್ಲ? ಅಲ್ಲಿ ಹೈಸ್ಕೂಲಿನ ಪೈಥಾಗೊರಸ್ ಮೇಷ್ಟ್ರು ಬಂದರು. ಟೈರಿನ ವ್ಯಾಸ 25 ಇಂಚು. ನೆಲದಿಂದ ಒಂದೂವರೆ ಇಂಚು ಮೇಲೆ ಅದರ ಅಗಲ ಸುಮಾರು 12 ಇಂಚು. ಅಂದ್ರೆ ತಡೆಗಳ ನಡುವೆ 12 ಇಂಚಿಗಿಂತ ಜಾಸ್ತಿ ಜಾಗ ಇರಲೇಬೇಕು, ಇಲ್ಲದಿದ್ರೆ ಟೈರ್ ತಡೆಯ ಮೇಲೇ ಹತ್ತಿ ಕೂರುತ್ತೆ. ಅಗಲದ ಪಟ್ಟಿ ಅದಕ್ಕಾಗಲ್ಲ. ಒಂದೂವರೆ ಇಂಚು ಚೌಕದ ರೀಪು ತಂದು ಎರಡೂ ಅಂಚಿಗೆ ಕೂರಿಸಿದೆ. ನಡುವೆ ಹನ್ನೆರಡೂಮುಕ್ಕಾಲು ಇಂಚು ಸಿಕ್ಕಿತು. ಸರಿಹೋಯ್ತು.

ಈಗ ಉಳಿದ ಆ ಎರಡು ತುಂಡು. ಓರೆಯಾಗಿ ಕೊಯ್ದು ಹಿಂದಿನ ಚಕ್ರಗಳಿಗೆ ಅಡ್ಡ ಕೊಡೋ ಬೆಣೆ ಮಾಡಿದೆ. ಇಡೀ ಕೆಲಸದಲ್ಲಿ ಇದು ಚಿಕ್ಕದಾಗಿ ಕಾಣುತ್ತೆ, ಆದ್ರೆ ಬೆಣೆ ಇಲ್ಲದೆ ಕಾರು ಎತ್ತಲೇಬಾರದು. ಕಾರಣ ಕೇಳಿ. ಸಾಮಾನ್ಯವಾಗಿ ಹ್ಯಾಂಡ್‌ಬ್ರೇಕ್ ಹಿಡಿಯೋದು ಹಿಂದಿನ ಚಕ್ರಗಳನ್ನು. ಹಿಂಭಾಗ ಎತ್ತಿದ್ರೆ ಅದು ಗಾಳಿಯನ್ನು ಹಿಡಿದಂತಾಯ್ತು. ಆಟೋಮ್ಯಾಟಿಕ್ ಕಾರಿನ ಪಾರ್ಕ್ ಗೇರು ಹಿಡಿಯೋದು ಇಂಜಿನ್ ತಿರುಗಿಸೋ ಚಕ್ರಗಳನ್ನು, ಅದೂ ಡಿಫರೆನ್ಷಿಯಲ್ ಮೂಲಕ. ಮುಂದಿನ ಒಂದೇ ಚಕ್ರವನ್ನು ಎತ್ತಿದಿರಿ ಅನ್ನಿ. ಗಾಳಿಯಲ್ಲಿರೋ ಚಕ್ರ ಒಂದು ಕಡೆ ತಿರುಗಿದ್ರೆ ನೆಲದ ಮೇಲಿರೋದು ಇನ್ನೊಂದು ಕಡೆ ತಿರುಗಬಹುದು. ಗೇರು ಪಾರ್ಕಿನಲ್ಲೇ ಇರುತ್ತೆ, ಕಾರು ಹೊರಟಿರುತ್ತೆ!

ನಮ್ಮವರಿಗೆ ಇದು ಹೊಸದಲ್ಲ ಬಿಡಿ. ಊರ ಜಾತ್ರೆಯಲ್ಲಿ ತೇರು ನೋಡಿದ್ದೀರಲ್ಲ? ಹಗ್ಗ ಹಿಡಿದು ಎಳೆಯೋರು ನೂರಾರು ಜನ. ಅದನ್ನು ನಿಲ್ಲಿಸೋರು, ತಿರುಗಿಸೋರು ಗಾಲಿಯ ಪಕ್ಕ ಮರದ ತುಂಡು ಹಿಡಿದು ಬಗ್ಗಿ ನಡೆಯೋ ಕೆಲವೇ ಜನ. ಜೈಕಾರ ಎಲ್ಲ ಮೇಲಿರೋ ದೇವರಿಗೆ, ಕೆಳಗಿರೋ ಅವರ ಕಡೆ ಯಾರೂ ನೋಡಲ್ಲ. ಘಾಟಿಯಲ್ಲಿ ಕೆಟ್ಟು ನಿಂತ ಲಾರಿಯಿಂದ ಕ್ಲೀನರ್ ಹುಡುಗ ಮೊದಲು ಇಳಿದು ಚಕ್ರಕ್ಕೆ ಏನಾದರೂ ಅಡ್ಡ ಕೊಡ್ತಾನಲ್ಲ, ಅದೂ ಇದೇ ವಿದ್ಯೆ.

ಸರಿ, ಸ್ಟ್ಯಾಂಡ್ ತಯಾರಾಯ್ತು. ಟೆಸ್ಟಿಂಗ್ ಇಲಾಖೆಗೆ ಒಪ್ಪಿಸಿದೆ. ಅವಳು ಮೂರು ಷರತ್ತು ಹಾಕಿದಳು. ಮೊದಲನೆಯದು, ಕಾರನ್ನು ಒಂದು ರಾತ್ರಿ ಸ್ಟ್ಯಾಂಡಿನ ಮೇಲೆ ಬಿಡಬೇಕು, ಕೆಳಗೆ ಯಾರೂ ಹೋಗಬಾರದು. ಎರಡನೆಯದು, ಬೆಳಿಗ್ಗೆ ಸ್ಟ್ಯಾಂಡಿನ ನಾಲ್ಕೂ ಮೂಲೆ ಅಳೆದು ಹಿಂದಿನ ದಿನದ ಅಳತೆಗೆ ಹೋಲಿಸಬೇಕು. ಮೂರನೆಯದು, ಇಬ್ಬರೂ ಸೇರಿ ಕಾರನ್ನು ಎಲ್ಲ ಕಡೆಯಿಂದ ನೂಕಿ ಅಲ್ಲಾಡಿಸಬೇಕು.

ಕಾಂಕ್ರೀಟ್ ನೆಲ. ಹಿಂದಿನ ಚಕ್ರಗಳಿಗೆ ಬೆಣೆ ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದೆ. ಕಾರಿನ ಪುಸ್ತಕದಲ್ಲಿ ತೋರಿಸಿದ ಜಾಗಕ್ಕೇ ಜಾಕ್ ಕೊಟ್ಟು ಒಂದು ಬದಿ ಎತ್ತಿ, ಟೈರಿನ ಕೆಳಗೆ ಸ್ಟ್ಯಾಂಡ್ ತಳ್ಳಿ ಇಳಿಸಿದೆ. ಆಮೇಲೆ ಇನ್ನೊಂದು ಬದಿ. ಮರ ಒಂದು ಸಲ "ಕಿರ್" ಅಂದು ಸುಮ್ಮನಾಯ್ತು. ಬೆಳಿಗ್ಗೆ ಅಳೆದರೆ ಟೇಪಿಗೆ ಸಿಗುವಂಥ ವ್ಯತ್ಯಾಸ ಏನೂ ಇರಲಿಲ್ಲ. ಇಬ್ಬರೂ ನೂಕಿದೆವು. ಕಾರು ಸ್ಪ್ರಿಂಗಿನ ಮೇಲೆ ತೂಗಾಡಿತು, ಸ್ಟ್ಯಾಂಡ್ ಕದಲಲಿಲ್ಲ. ಅವಳು ಇನ್ನೂ ಒಂದು ಷರತ್ತು ಸೇರಿಸಿದಳು: ಮನೆಯಲ್ಲಿ ಇನ್ನೊಬ್ಬರು ಎಚ್ಚರವಾಗಿರದೆ ನಾನು ಯಾವತ್ತೂ ಕಾರಿನ ಕೆಳಗೆ ಹೋಗಬಾರದು. ಈ ಷರತ್ತಿಗೆ ಲೆಕ್ಕ ಬೇಕಿರಲಿಲ್ಲ. ಅವತ್ತು ಒಂದು ಕುರ್ಚಿ ಹಾಕಿಕೊಂಡು ಆಯಿಲ್ ಪೂರ್ತಿ ಇಳಿಯೋವರೆಗೂ ಅಲ್ಲೇ ಕೂತಿದ್ದಳು, ನಡುನಡುವೆ "ರೀ, ಸದ್ದು ಬಂತಾ?" ಅಂತ ಕೇಳ್ತಾ.

ಇದರ ಮಿತಿಯನ್ನೂ ಹೇಳಿಬಿಡ್ತೀನಿ. ಇದು ಟೈರಿನ ಕೆಳಗೆ ಇಡೋ ಸ್ಟ್ಯಾಂಡ್, ಚಕ್ರ ಬಿಚ್ಚೋ ಕೆಲಸಕ್ಕೆ ಬರಲ್ಲ. ಬ್ರೇಕ್ ಪ್ಯಾಡ್ ಬದಲಾಯಿಸಬೇಕಾದ್ರೆ ಭಾರ ನಮೂದಿಸಿದ ಕಬ್ಬಿಣದ ಸ್ಟ್ಯಾಂಡೇ ಬೇಕು, ಬಿಚ್ಚಿದ ಚಕ್ರವನ್ನು ಕಾರಿನ ಅಂಚಿನ ಕೆಳಗೆ ಮಲಗಿಸಿಟ್ಟರೆ ಇನ್ನೊಂದು ಆಸರೆ. ಮಣ್ಣು ನೆಲ, ಇಳಿಜಾರು ಇದ್ದರೆ ಬೇಡವೇ ಬೇಡ. ಪ್ರತಿ ಸಲ ಬಳಸೋ ಮುಂಚೆ ಮರದಲ್ಲಿ ಸೀಳು, ಕೊಳೆತ ಇದೆಯಾ ನೋಡಬೇಕು. ಒಂದು ತುಂಡು ಅನುಮಾನ ಬಂದ್ರೂ ಬಿಸಾಕಬೇಕು. ಐದು ಪಟ್ಟಿ ಮರಕ್ಕಿಂತ ನಾವು ದುಬಾರಿ.

ನಮ್ಮ ಕೆಲಸದಲ್ಲಿ ಪ್ರೋಗ್ರಾಂ ಬಿದ್ದರೆ ಮತ್ತೆ ಎಬ್ಬಿಸ್ತೀವಿ. ಬಿದ್ದದ್ದು ಯಾಕೆ ಅಂತ ಲಾಗ್ ನೋಡ್ತೀವಿ. ಹಾಗಾಗಿ "ನೋಡೋಣ, ಏನಾಗುತ್ತೋ" ಅನ್ನೋದು ಅಭ್ಯಾಸ ಆಗಿಬಿಟ್ಟಿದೆ. ಕಾರಿನ ಕೆಳಗೆ ಆ ಮಾತು ನಡೆಯಲ್ಲ. ಆ ಗ್ಯಾರೇಜಿನ ಹುಡುಗನಿಗೆ ಬೇಕಾಗಿದ್ದು ಅದೃಷ್ಟ ಅಲ್ಲ, ಒಂದಷ್ಟು ಮರದ ತುಂಡು. ನಮ್ಮೂರಿನ ಸಾಮಿಲ್ ಅಲ್ಲಿಂದ ಎರಡೇ ರಸ್ತೆ ಆಚೆ ಇತ್ತು. ಸೌದೆಗೆ ಅಂತ ರಾಶಿ ಹಾಕಿದ್ದ ಹಲಗೆ ಚೂರುಗಳಲ್ಲಿ ಅಂಥ ಹತ್ತು ಸ್ಟ್ಯಾಂಡ್ ಆಗ್ತಿತ್ತು.

ಮೊನ್ನೆ ಅಪ್ಪನಿಗೆ ಸ್ಟ್ಯಾಂಡಿನ ಫೋಟೋ ಕಳಿಸಿದ್ದೆ. ನಮ್ಮೂರಿನ ಅದೇ ರಸ್ತೆಯ ಗ್ಯಾರೇಜಿಗೆ ತೋರಿಸ್ತೀನಿ, ಅಳತೆ ಕನ್ನಡದಲ್ಲಿ ಬರೆದು ಕಳಿಸು ಅಂದರು. ಬರೀತಿದ್ದೀನಿ. ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೀನಿ... ಈ ಸ್ಟ್ಯಾಂಡಿಗೆ ಕನ್ನಡದಲ್ಲಿ ಏನನ್ನೋದು? ಊರುಗೋಲು ಅನ್ನೋಣ ಅಂದ್ರೆ ಇದು ಕೋಲಲ್ಲ. ಆಸರೆ ಅಂದ್ರೆ ಕಥೆಯ ಹೆಸರಿನಂತಿದೆ. ನಿಮ್ಮ ಕಡೆ ಬಡಗಿಗಳು, ಲಾರಿಯವರು, ಗಾಡಿ ಹೂಡೋರು ಇದಕ್ಕೆ ಏನಾದ್ರೂ ಅಂತಾರಾ? ಗೊತ್ತಿದ್ದರೆ ಹೇಳಿ, ಅಪ್ಪನಿಗೆ ಕಳಿಸೋ ಹಾಳೆಗೆ ಅದನ್ನೇ ತಲೆಬರಹ ಮಾಡ್ತೀನಿ.